ದೃಷ್ಟಿಯ ದೋಷವನ್ನು ಚಿತ್ತದ ದೋಷವೆಂದು ಬಗೆದಾಗ

ಇಷ್ಟಲಿಂಗಪೂಜೆಯಲ್ಲಿ ದೃಷ್ಟಿಯೋಗಕ್ಕಿರುವ ಸ್ಥಾನವನ್ನು ಶರಣಬಂಧುಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿದ್ದ ಹದಿನಾರರ ಹುಡುಗನೊಬ್ಬನು, ಒಂದು ಕಣ್ಣು ಮುಚ್ಚಿದರೂ ಕರಸ್ಥಲದ ಲಿಂಗವು ಎರಡಾಗಿ ತೋರುವುದೆಂದು ಅಳುಕುತ್ತ ಹೇಳಿದನು. ಚಿತ್ತಚಾಂಚಲ್ಯವೆಂದು ನಾನೇ ಗದರಿಸಿದೆನು. ವರ್ಷದೊಳಗೆ ಮೂರು ಸಲ ಕನ್ನಡಕ ಬದಲಾದ ಮೇಲೆ ನೇತ್ರವೈದ್ಯರು ಕಂಡುಹಿಡಿದದ್ದು ಕೆರಟೋಕೋನಸ್ ಎಂಬ ವ್ಯಾಧಿಯನ್ನು.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಈ ವ್ಯಾಧಿಯಲ್ಲಿ ಅದು ಇನ್ನೂ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವುದರಿಂದ, ಒಳಹೊಕ್ಕ ಬೆಳಕು ಒಂದೆಡೆ ಕೂಡದೆ ಚದುರುತ್ತದೆ. ಇಂಗ್ಲೆಂಡಿನ ಜಾನ್ ನಾಟಿಂಗ್‌ಹ್ಯಾಮ್ ಎಂಬ ವೈದ್ಯನು ೧೮೫೪ರಲ್ಲಿಯೇ ಇದನ್ನು ವಿವರವಾಗಿ ವರ್ಣಿಸಿದ್ದನು. ಸಾಮಾನ್ಯವಾಗಿ ಹದಿಹರೆಯದಲ್ಲಿ ಮೊದಲಾಗಿ ಮೂವತ್ತು ನಲವತ್ತರವರೆಗೆ ಬೆಳೆಯಬಲ್ಲುದು. ಕೆಲವು ಮನೆತನಗಳಲ್ಲಿ ಹಲವರಿಗೆ ಬರುವುದುಂಟು. ಅಲರ್ಜಿಯ ನವೆಯಿಂದ ಕಣ್ಣುಜ್ಜಿಕೊಳ್ಳುವ ಚಾಳಿ ಇದನ್ನು ಉಲ್ಬಣಗೊಳಿಸುತ್ತದೆ. ತಾಯಂದಿರು ಈ ಉಜ್ಜುವಿಕೆಯನ್ನು ಗಮನಿಸಬೇಕು. ವಿಭೂತಿಯ ಹುಡಿ ಕಣ್ಣಿಗೆ ಬಿದ್ದರೂ ಉಜ್ಜದೆ ನೀರಿನಿಂದ ತೊಳೆಯುವುದು ಲೇಸು.

ಆರಂಭದಲ್ಲಿ ಕನ್ನಡಕ, ಮುಂದೆ ಗಡಸು ಕಾಂಟ್ಯಾಕ್ಟ್ ಲೆನ್ಸು ನೋಟವನ್ನು ತಿದ್ದುತ್ತವೆಯೇ ಹೊರತು ವ್ಯಾಧಿಯನ್ನು ತಡೆಯವು. ತಡೆಯಲು ಇರುವುದು ಕ್ರಾಸ್‌ಲಿಂಕಿಂಗ್. ಬಿ೨ ಜೀವಸತ್ವವಾದ ರೈಬೋಫ್ಲೇವಿನ್ನಿನ ಹನಿಗಳನ್ನು ಪಟಲಕ್ಕೆ ಹೀರಿಸಿ, ನಿಯಮಿತ ಪ್ರಮಾಣದ ನೇರಳಾತೀತ ಕಿರಣವನ್ನು ಹಾಯಿಸಿದರೆ, ಅದರ ಎಳೆಗಳು ಪರಸ್ಪರ ಬೆಸೆದು ಗಟ್ಟಿಗೊಳ್ಳುತ್ತವೆ. ಜರ್ಮನಿಯ ಡ್ರೆಸ್ಡೆನ್ನಿನ ವೈದ್ಯರು ಇದರ ಫಲಿತಾಂಶವನ್ನು ೨೦೦೩ರಲ್ಲಿ ಪ್ರಕಟಿಸಿದರು. ಇರುವ ನೋಟವನ್ನು ಉಳಿಸಿಕೊಳ್ಳುವುದೇ ಇದರ ಮುಖ್ಯೋದ್ದೇಶವಾದುದರಿಂದ ತಡಮಾಡಿದಷ್ಟೂ ನಷ್ಟ. ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಕ್ರಿಯೆಯಂತೂ ಈ ರೋಗಿಗಳಿಗೆ ಸಲ್ಲದು. ಪಟಲ ಮತ್ತಷ್ಟು ದುರ್ಬಲವಾಗುತ್ತದೆ. ನಮ್ಮ ಹುಡುಗನಿಗೆ ಎರಡು ಕಣ್ಣಿಗೂ ಕ್ರಾಸ್‌ಲಿಂಕಿಂಗ್ ಆಯಿತು. ಈಗ ಲೆನ್ಸು ಧರಿಸಿಯೇ ಪೂಜೆಗೆ ಕುಳಿತುಕೊಳ್ಳುತ್ತಾನೆ. ಅವನ ಮುಂದೆ ನಾನು ತಪ್ಪೊಪ್ಪಿಕೊಂಡಿದ್ದೇನೆ.

ವ್ಯಾಧಿ ಬಲಿತು ಪಟಲದಲ್ಲಿ ಕಲೆಗಟ್ಟಿದವರಿಗೆ, ದಾನವಾಗಿ ಬಂದ ಕಾರ್ನಿಯಾದ ಕಸಿಯೇ ಗತಿ. ಸಮಾಧಿ ಮಾಡುವ ನಮ್ಮಲ್ಲಿ, ಕಾಯವನ್ನು ಊನಗೊಳಿಸಬಾರದೆಂದು ಹಿಂಜರಿಯುವ ಹಿರಿಯರಿದ್ದಾರೆ. ಲಿಂಗೈಕ್ಯರ ಮುಖ ವಿಕಾರವಾಗುವುದಿಲ್ಲ. ಸಮಾಧಿಕ್ರಿಯೆಗೆ ಅಡ್ಡಿಯೂ ಇಲ್ಲ. ೨೦೨೧ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬೇರ್ಪಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಕಸಿಮಾಡಿದರು. ಅವರನ್ನೂ ಸಮಾಧಿಯೇ ಮಾಡಿದ್ದು. ಮರಣವಾದ ಆರು ಗಂಟೆಯೊಳಗೆ ನೇತ್ರಭಂಡಾರದವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನು ನಿಲ್ಲಿಸಿರಬೇಕು.