ಕಾರ್ಶ್ಯ ಮತ್ತು ಸ್ಥೌಲ್ಯ: ಊರಿನ ಹಣ ಎಲ್ಲಿ ವಿನಿಯೋಗವಾಗಬೇಕು?

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ‘ಅಷ್ಟೌನಿಂದಿತೀಯ’ ಎಂದು ಹೆಸರು. ದೇಹದ ದೃಷ್ಟಿಯಿಂದ ದೋಷವುಳ್ಳವರೆನಿಸಿದ ಎಂಟು ಬಗೆಯವರನ್ನು ಅಲ್ಲಿ ಹೆಸರಿಸಿ, ಅವರಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಇಬ್ಬರನ್ನು ಮಾತ್ರ ಆಚಾರ್ಯರು ವಿಸ್ತಾರವಾಗಿ ವಿವೇಚಿಸಿದ್ದಾರೆ. ಒಬ್ಬನಲ್ಲಿ ಮೇದಸ್ಸು ಮಿತಿಮೀರಿದೆ, ಇನ್ನೊಬ್ಬನಲ್ಲಿ ಧಾತುಗಳು ಕ್ಷೀಣಿಸಿವೆ. ಇಬ್ಬರೂ ಸದಾ ವ್ಯಾಧಿಗೆ ಈಡಾಗುವವರೇ. ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಇರಿಸಿದ್ದರ ಔಚಿತ್ಯ ಇಂದಿನ ನಮ್ಮ ಗ್ರಾಮಗಳನ್ನು ನೋಡಿದರೆ ಮನದಟ್ಟಾಗುತ್ತದೆ. ಮಂಡಿನೋವಿಗೆ ಔಷಧ ಬೇಡಿ ಬರುವ ಸ್ಥೂಲಕಾಯದ ಅಜ್ಜಿಯ ಕಂಕುಳಲ್ಲಿ ತೂಕ ಏರದ ಮೊಮ್ಮಗು ಇರುವುದು ವೈದ್ಯರಿಗೆ ಅಪರೂಪದ ನೋಟವಲ್ಲ.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 30.1ರಷ್ಟು ಅಧಿಕ ತೂಕದವರು. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 23.3 ಇತ್ತು. ಹಸಿವು ಇನ್ನೂ ಪೂರ್ತಿ ತೊಲಗಿಲ್ಲ. ಅಷ್ಟರಲ್ಲೇ ಬೊಜ್ಜು ಬಂದು ನೆಲೆಸಿದೆ.

ಇವೆರಡೂ ಪ್ರತ್ಯೇಕ ಸಮಸ್ಯೆಗಳೆಂದು ಭಾವಿಸಬಾರದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜನಿಸಿದ ಶಿಶುಗಳ ತೂಕದ ದಾಖಲೆಗಳನ್ನು ಕಾಪಾಡಿಡಲಾಗಿತ್ತು. ಆ ಶಿಶುಗಳು ಮಧ್ಯವಯಸ್ಸು ದಾಟಿದ ಬಳಿಕ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ಗರ್ಭದಲ್ಲಿ ಸೊರಗಿದ ದೇಹಕ್ಕೆ ಮುಂದೆ ಅತಿಯಾದ ಆಹಾರವೂ ಜಡತೆಯೂ ಒದಗಿದರೆ ಅಪಾಯ ಇಮ್ಮಡಿಸುತ್ತದೆ. ಆದ್ದರಿಂದ ಇಂದು ಗರ್ಭಿಣಿಯ ಊಟಕ್ಕೆ ವೆಚ್ಚ ಮಾಡಿದ ಹಣ ಐವತ್ತು ವರ್ಷಗಳ ಮುಂದಿನ ರೋಗವನ್ನು ತಡೆಯುವ ಹಣವೂ ಹೌದು.

ಸ್ಥೂಲನ ಚಿಕಿತ್ಸೆ ಕೃಶನ ಚಿಕಿತ್ಸೆಗಿಂತ ಕಷ್ಟತರವೆಂದು ಚರಕರು ಹೇಳುತ್ತಾರೆ. ಬಂದ ಬೊಜ್ಜನ್ನು ಕಳೆಯುವುದಕ್ಕಿಂತ ಬಾರದಂತೆ ತಡೆಯುವುದೇ ಲೇಸು. ಆದರೆ ನಮ್ಮ ಊರುಗಳಲ್ಲಿ ಆರೋಗ್ಯಕ್ಕೆಂದು ಹಣ ಮೀಸಲಿಡುವಾಗ ಮೊದಲು ನೆನಪಾಗುವುದು ಒಂದು ದಿನದ ತಪಾಸಣಾ ಶಿಬಿರ. ಅದು ರೋಗವನ್ನು ಗುರುತಿಸಬಲ್ಲದು. ರೋಗದ ಮೂಲವನ್ನು ಮುಟ್ಟಲಾರದು. ಹಾಗಾದರೆ ಗ್ರಾಮ ಪಂಚಾಯಿತಿಯ ಯೋಜನೆಯಲ್ಲಿ ಏನಿರಬೇಕು?

ಮೊದಲನೆಯದು ಅಳತೆ. ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರಗಳು ದಾಖಲಾಗುತ್ತವೆ. ಆಶಾ ಕಾರ್ಯಕರ್ತೆಯರು ವಯಸ್ಕರ ಸೊಂಟದ ಸುತ್ತಳತೆಯನ್ನು ಪಡೆಯುತ್ತಾರೆ. ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ಅಗತ್ಯ. ಯಾರ ಹೆಸರನ್ನೂ ಹೇಳದೆ, ಊರಿನ ಒಟ್ಟು ಸಂಖ್ಯೆಯನ್ನು ಮಾತ್ರ ಗ್ರಾಮಸಭೆಯ ಮುಂದಿಡಬೇಕು. ಅಳತೆಯಿಲ್ಲದ ಯೋಜನೆ ನಾಡಿ ನೋಡದೆ ಕೊಟ್ಟ ಔಷಧದಂತೆ.

ಎರಡನೆಯದು ತಾಯಿ ಮತ್ತು ಶಿಶು. ಗರ್ಭಧಾರಣೆಯಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು 1000 ದಿನಗಳು ಅತ್ಯಂತ ನಿರ್ಣಾಯಕ. 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವನ್ನು ರೂಪಿಸಲಾಯಿತು. ಊಟಕ್ಕೆ ಸರ್ಕಾರ ಹಣ ಕೊಟ್ಟರೂ ಕುಳಿತು ಉಣ್ಣಲು ಸ್ಥಳ, ನೀರು, ಶೌಚಾಲಯ ಇಲ್ಲದಿದ್ದರೆ ತುಂಬು ಬಸುರಿ ಅಷ್ಟು ದೂರ ನಡೆದು ಬರುವುದೆಂತು? ಈ ಕೊರತೆಯನ್ನು ನೀಗುವುದು ಪಂಚಾಯಿತಿಯ ಕೈಯಲ್ಲಿದೆ.

ಮೂರನೆಯದು ನೀರು ಮತ್ತು ತರಕಾರಿ. ಮೇಲಿಂದ ಮೇಲೆ ಅತಿಸಾರವಾಗುವ ಮಗುವಿಗೆ ಎಷ್ಟು ಉಣಿಸಿದರೂ ಅದು ಮೈಗೆ ಹತ್ತದು. ಹದಿನೈದನೆಯ ಹಣಕಾಸು ಆಯೋಗವು 2021-26ರ ಅವಧಿಯ ಪಂಚಾಯಿತಿ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಶುದ್ಧ ನೀರಿಗೆ ಮಾಡುವ ಈ ವೆಚ್ಚವೂ ಪೌಷ್ಟಿಕತೆಯ ವೆಚ್ಚವೇ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ಹಿತ್ತಲಲ್ಲಿ ನುಗ್ಗೆ, ಪಪ್ಪಾಯಿ, ಬಸಳೆ, ಕರಿಬೇವು ಬೆಳೆಯಲು ಬೇಕಾಗುವುದು ಬೇಲಿ, ನೀರು ಮತ್ತು ರಜೆಯಲ್ಲೂ ನೋಡಿಕೊಳ್ಳುವ ಒಬ್ಬರು.

ನಾಲ್ಕನೆಯದು ದೇಹಶ್ರಮಕ್ಕೆ ಅವಕಾಶ. ಗುರು, ಮಧುರ, ಸ್ನಿಗ್ಧ ಆಹಾರದೊಡನೆ ಅವ್ಯಾಯಾಮ ಮತ್ತು ಹಗಲುನಿದ್ರೆಯನ್ನೂ ಸ್ಥೌಲ್ಯಕ್ಕೆ ಕಾರಣವೆಂದು ಚರಕರು ಎಣಿಸಿದ್ದಾರೆ. ನಡೆಯಿರಿ ಎಂದು ಉಪದೇಶಿಸುವುದು ಸುಲಭ. ಮನೆಗೆಲಸ ಮುಗಿಸಿದ ಗೃಹಿಣಿ ಸಂಜೆ ನಿರ್ಭಯವಾಗಿ ನಡೆಯಲು ಬೀದಿದೀಪವಿರುವ ಸಮತಟ್ಟಾದ ದಾರಿ ಬೇಕು. ಮಕ್ಕಳಿಗೆ ಒತ್ತುವರಿಯಾಗದ ಆಟದ ಬಯಲು ಬೇಕು. ವ್ಯಾಯಾಮದ ಉಪಕರಣಗಳನ್ನು ಕೊಂಡರೆ ಅವುಗಳ ದುರಸ್ತಿಗೂ ಪ್ರತಿವರ್ಷ ಹಣ ತೆಗೆದಿಡಬೇಕು. ಇಲ್ಲವಾದರೆ ಅವು ತುಕ್ಕು ಹಿಡಿಯುತ್ತವೆ, ಹಣ ವ್ಯರ್ಥವಾಗುತ್ತದೆ.

ಹಣವೇ ಬೇಡದ ಕಾರ್ಯವೂ ಒಂದಿದೆ. ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯುಳ್ಳ ತಿನಿಸುಗಳನ್ನು ಶಾಲೆಯ ದ್ವಾರದಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ವಿಧಿಸಿದೆ. ಶಾಲಾಭಿವೃದ್ಧಿ ಸಮಿತಿ ಮತ್ತು ಪಂಚಾಯಿತಿ ಒಟ್ಟಾಗಿ ಅಂಗಡಿಯವರೊಡನೆ ಸೌಜನ್ಯದಿಂದ ಮಾತನಾಡಿ, ಆ ಜಾಗದಲ್ಲಿ ಶೇಂಗಾ ಉಂಡೆ, ಬಾಳೆಹಣ್ಣು, ಹುರಿಗಡಲೆ ಇಡುವಂತೆ ಒಲಿಸಬಹುದು. ಅವರ ಜೀವನೋಪಾಯಕ್ಕೂ ಧಕ್ಕೆಯಾಗದು.

ಮುಂದಿನ ವರ್ಷದ ಯೋಜನೆ ಸಿದ್ಧವಾಗುವ ಗ್ರಾಮಸಭೆಗೆ ಓದುಗರು, ವಿಶೇಷವಾಗಿ ತಾಯಂದಿರು, ತಪ್ಪದೆ ಹೋಗಬೇಕು. ರಸ್ತೆ, ಚರಂಡಿಗಳ ಪಟ್ಟಿ ಓದಿ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿರಿ: ನಮ್ಮ ಊರಲ್ಲಿ ತೂಕ ಕಡಿಮೆಯಿರುವ ಮಕ್ಕಳೆಷ್ಟು, ಸೊಂಟದ ಅಳತೆ ಮೀರಿದ ವಯಸ್ಕರೆಷ್ಟು? ಇವರಿಗಾಗಿ ಈ ವರ್ಷ ತೆಗೆದಿಟ್ಟ ಹಣವೆಷ್ಟು? ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ. ಮರುವರ್ಷ ಅದೇ ಸಂಖ್ಯೆಗಳನ್ನು ಮತ್ತೆ ಕೇಳಿದಾಗ ಹಣ ಸದ್ವಿನಿಯೋಗವಾಯಿತೇ ಎಂಬುದು ತಾನಾಗಿಯೇ ತಿಳಿಯುತ್ತದೆ.