ಬ್ಲೆಂಡರ್‌ನಲ್ಲಿ ಶಹಾಬಾದ್ ಕಲ್ಲು ಪ್ಲಾಸ್ಟಿಕ್‌ನಂತೆ ಕಾಣುವುದೇಕೆ?

ಶಹಾಬಾದ್ ಕಲ್ಲು ಭೀಮಾ ಕೊಳ್ಳದ ಸಣ್ಣ ಕಣದ ಸುಣ್ಣಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಮುತ್ತ ಅದು ಪದರ ಪದರವಾಗಿ ಏಳುತ್ತದೆ. ಮನೆಗಳಲ್ಲಿ ಹಾಸುವ ಫರಸಿ ಇದೇ. ಪದರ ಬಿಟ್ಟ ಮೈ ಪೂರಾ ಸಪಾಟಾಗಿರುವುದಿಲ್ಲ. ಜನ ಓಡಾಡುವ ನಡುಭಾಗ ಸವೆದು ಮಿರುಗುತ್ತದೆ, ಗೋಡೆಯ ಬದಿ ಮಂಕಾಗಿಯೇ ಉಳಿಯುತ್ತದೆ, ಅಂಚುಗಳು ಅಲ್ಲಲ್ಲಿ ಚಕ್ಕೆ ಎದ್ದಿರುತ್ತವೆ. ಈ ಏರುಪೇರೇ ಆ ಕಲ್ಲಿನ ಚೆಲುವು.

3ಡಿ ಚಿತ್ರ ರಚಿಸುವ ತಂತ್ರಾಂಶವಾದ ಬ್ಲೆಂಡರ್‌ನ ಸೈಕಲ್ಸ್ ರೆಂಡರರ್ (ಅಂತಿಮ ಚಿತ್ರ ಮೂಡಿಸುವ ಭಾಗ) ಬೆಳಕಿನ ಕಿರಣಗಳು ಮೇಲ್ಮೈಗೆ ಬಡಿದು ಚದುರುವ ಬಗೆಯನ್ನು ಲೆಕ್ಕ ಹಾಕುತ್ತದೆ. ಚದುರುವಿಕೆಯನ್ನು ನಿರ್ಧರಿಸುವುದು ರಫ್‌ನೆಸ್: 0 ಇದ್ದರೆ ಕನ್ನಡಿಯ ಹೊಳಪು, 1 ಇದ್ದರೆ ಪೂರ್ತಿ ಮಂಕು. ತಾನಾಗಿ ಕಲಿಯುವವರು ಸಾಮಾನ್ಯವಾಗಿ ಬೂದು ಬಣ್ಣ ಕೊಟ್ಟು, ಮೊದಲೇ ಇರುವ 0.5 ಅನ್ನು ಹಾಗೇ ಬಿಡುತ್ತಾರೆ. ಇಡೀ ನೆಲಕ್ಕೆ ಒಂದೇ ಹೊಳಪು ಬಂದರೆ ಕಣ್ಣು ಅದನ್ನು ಕಲ್ಲೆಂದು ಒಪ್ಪುವುದಿಲ್ಲ.

ಮೋಡ ಕವಿದ ಹೊತ್ತಿನಲ್ಲಿ, ನೆರಳು ಬೀಳದಂತೆ, ನಿಜವಾದ ಫರಸಿಯ ಫೋಟೊ ತೆಗೆಯುವುದು ಒಳ್ಳೆಯ ಆರಂಭ. ಆ ಫೋಟೊ ಬೇಸ್ ಕಲರ್‌ಗೆ (ಮೂಲ ಬಣ್ಣಕ್ಕೆ). ಅದರ ಕಪ್ಪು-ಬಿಳುಪು ನಕಲು ರಫ್‌ನೆಸ್‌ಗೂ ಬಂಪ್‌ಗೂ (ಮೈಯ ಉಬ್ಬುತಗ್ಗಿಗೂ). ಹಾಸುಗಲ್ಲಿನ ಅಂಚಿಗೆ ಚಿಕ್ಕ ಬೆವೆಲ್ (ಚೂಪು ಕಳೆಯುವ ಇಳಿಜಾರು) ಬೇಕು. ಕಪ್ಪು-ಬಿಳುಪು ಚಿತ್ರದ ಕಲರ್ ಸ್ಪೇಸ್ ‘ನಾನ್-ಕಲರ್’ ಆಗಿರಲೇಬೇಕು; ಇಲ್ಲದಿದ್ದರೆ ಅಂಕಿಗಳು ಬದಲಾಗಿ ಹೊಳಪಿನ ಲೆಕ್ಕ ಕೆಡುತ್ತದೆ. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ. ಹಾಗಾಗಿ ಈ ಅಭ್ಯಾಸಕ್ಕೆ ಹಣ ತೆರಬೇಕಾಗಿಲ್ಲ.