ಆಕಾಶಮಾರ್ಗದ ದೂರವೂ ಕಾಲವೂ

ಭದ್ರಾ ಅಣೆಕಟ್ಟಿರುವ ಲಕ್ಕವಳ್ಳಿಯ ಉತ್ತರಕ್ಕೆ, ಶಿವಮೊಗ್ಗದ ಸೋಗಾನೆಯಲ್ಲಿ, 2023ರಲ್ಲಿ ವಿಮಾನನಿಲ್ದಾಣವು ಪ್ರಾರಂಭವಾಯಿತು. ಅಲ್ಲಿಂದ ಬೆಂಗಳೂರಿನ ವಿಮಾನನಿಲ್ದಾಣಕ್ಕೆ ಎಷ್ಟು ದೂರ? ಲಕ್ಕವಳ್ಳಿಯ ವಿದ್ಯಾರ್ಥಿಯು ಇದನ್ನು ಭೂಪಟದಿಂದಲೇ ಕಂಡುಹಿಡಿಯಬಹುದು.

ಸೋಗಾನೆಯ ಅಕ್ಷಾಂಶ ಸುಮಾರು 13.85 ಡಿಗ್ರಿ, ರೇಖಾಂಶ 75.61, ಬೆಂಗಳೂರು ನಿಲ್ದಾಣದವು 13.20 ಮತ್ತು 77.71. ಅಕ್ಷಾಂಶಗಳ ಅಂತರ 0.65 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ ಇದು 72 ಕಿಲೋಮೀಟರು. ರೇಖಾಂಶಗಳಾದರೋ ಧ್ರುವಗಳ ಕಡೆಗೆ ಹೋದಂತೆ ಪರಸ್ಪರ ಸಮೀಪಿಸುತ್ತವೆ. ನಮ್ಮ ಸೀಮೆಯಲ್ಲಿ ಅವುಗಳ ಒಂದು ಡಿಗ್ರಿಗೆ 108 ಕಿಲೋಮೀಟರು ಮಾತ್ರ. ಆದುದರಿಂದ 2.10 ಡಿಗ್ರಿಗೆ 227 ಕಿಲೋಮೀಟರು. ಇವೆರಡನ್ನೂ ಲಂಬಕೋನ ತ್ರಿಭುಜದ ಭುಜಗಳೆಂದು ಭಾವಿಸಿದರೆ, ಕರ್ಣವು ಸುಮಾರು 238 ಕಿಲೋಮೀಟರು. ಇದೇ ನೇರದೂರ. ಇಷ್ಟು ಅಲ್ಪ ದೂರದಲ್ಲಿ ಭೂಮಿಯ ಗೋಳಾಕಾರದಿಂದಾಗುವ ವ್ಯತ್ಯಾಸ ನಗಣ್ಯ.

ಇನ್ನು ಕಾಲದ ವಿಚಾರ. ಇಂತಹ ಮಾರ್ಗಗಳಲ್ಲಿ ಸಂಚರಿಸುವ ಎ.ಟಿ.ಆರ್. ವಿಮಾನವು ಗಂಟೆಗೆ ಸುಮಾರು 500 ಕಿಲೋಮೀಟರು ವೇಗದಲ್ಲಿ ಹಾರಬಲ್ಲುದು. ಭಾಗಾಕಾರದಿಂದ ದೊರೆಯುವ ಕಾಲ ಅರ್ಧ ಗಂಟೆಗೂ ಕಡಮೆ. ಆದರೆ ವೇಳಾಪಟ್ಟಿಯು ಸುಮಾರು ಒಂದು ಗಂಟೆಯನ್ನು ಕೇಳುತ್ತದೆ! ಉಳಿದ ಕಾಲವೆಲ್ಲಿ ಹೋಯಿತು? ನೆಲದ ಮೇಲೆ ಚಲಿಸುವುದು, ನಿಧಾನವಾಗಿ ಮೇಲೇರುವುದು, ಓಟದ ಹಾದಿಯ ದಿಕ್ಕಿಗೆ ತಿರುಗುವುದು, ಸರದಿ ಕಾದು ಇಳಿಯುವುದು, ಇವೆಲ್ಲಕ್ಕೂ ಕಾಲ ಬೇಕು. ದೆಹಲಿಯವರೆಗೆ ಹಾರಿದರೂ ಈ ಕೆಲಸಗಳು ಇಷ್ಟೇ. ಆದುದರಿಂದ ಮಾರ್ಗವು ಕಿರಿದಾದಷ್ಟೂ ಸರಾಸರಿ ವೇಗವು ಕುಗ್ಗುತ್ತದೆ.

ಲಕ್ಕವಳ್ಳಿಯ ಪ್ರಯಾಣಿಕನು ಇದಕ್ಕೆ ಸೋಗಾನೆಯವರೆಗಿನ ದಾರಿಯನ್ನೂ, ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ, ದೇವನಹಳ್ಳಿಯ ಬಳಿ ಇಳಿದು ನಗರವನ್ನು ಸೇರುವ ಹೊತ್ತನ್ನೂ ಕೂಡಿಸಬೇಕು. ರೈಲಿಗಿಂತ ವಿಮಾನವು ಎಷ್ಟು ಲಾಭಕರವೆಂಬುದನ್ನು ನಿರ್ಧರಿಸುವುದು ಈ ಮೊತ್ತವೇ ಹೊರತು ವಿಮಾನದ ವೇಗವೊಂದೇ ಅಲ್ಲ.